ಮಣ್ಣು ಕಟ್ಟೋಕೂ ರಿಜಿಸ್ಟರ್ ಬೇಕಾ?

ಪಂಚನಹಳ್ಳಿಯ ಕಾಂತಮ್ಮನಿಗೆ ಸಕ್ಕರೆ ಕಾಯಿಲೆ. ತೆಂಗಿನಕಾಯಿ ಸುಲಿಯುವ ಗೂಟಕ್ಕೆ ಎಡವಿ ಹೆಬ್ಬೆರಳಿಗೆ ಗಾಯವಾಗಿತ್ತು, ವಾರವಾದರೂ ಮಾಯಲಿಲ್ಲ. ಸಮುದಾಯ ಭವನಕ್ಕೆ ಬಂದಿದ್ದ 'ಪ್ರಕೃತಿ ಗುರೂಜಿ'ಯೊಬ್ಬ ಅದಕ್ಕೆ ಕೆರೆಯ ಗೋಡುಮಣ್ಣು ಮೆತ್ತಿ ಬಟ್ಟೆ ಕಟ್ಟಿದ. ಸಾಲದ್ದಕ್ಕೆ ಸಕ್ಕರೆ ಮಾತ್ರೆಯನ್ನೂ ಬಿಡಿಸಿದ.

ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಭುವನಾ ಬಂದು ನೋಡಿದರೆ ಪಾದವೆಲ್ಲ ಊದಿತ್ತು.

"ಕಾಂತಮ್ಮಕ್ಕ, ಇದನ್ನ ಕಟ್ಟಿದೋರು ಏನು ಓದವ್ರೆ?"

"ಮಣ್ಣು ಕಟ್ಟೋಕೂ ಓದ್ಬೇಕೇನೇ? ನಮ್ಮ ತೋಟಕ್ಕೆ ಹೊಡಿಸೋ ಗೋಡು ಕಣೇ ಇದು. ಏನೂ ಆಗಲ್ಲ."

"ಆ ಮಣ್ಣಲ್ಲಿ ಸಗಣಿ, ಗಂಜಲ ಎಲ್ಲಾ ಸೇರಿರ್ತದೆ. ಹಸಿ ಗಾಯಕ್ಕೆ ಹಾಕಿದ್ರೆ ನಂಜಾಗ್ತದೆ. ಸಕ್ಕರೆ ಇರೋರಿಗೆ ಬೆರಳೇ ಹೋಗ್ಬೋದು ಅಕ್ಕ."

ಕಾಂತಮ್ಮನ ಮಗ ಹಾಲೇಶ ಕೇಳಿದ: "ಹಂಗಾದ್ರೆ ಪ್ರಕೃತಿ ಚಿಕಿತ್ಸೆ ಅನ್ನೋದೇ ಸುಳ್ಳಾ?"

"ನಾನೆಲ್ಲಪ್ಪಾ ಹಂಗಂದೆ? ಅದನ್ನ ಕಾಲೇಜಲ್ಲಿ ವರ್ಷಗಟ್ಟಲೆ ಓದಿ ಡಾಕ್ಟರಾದೋರು ಅವ್ರೆ. ಬಿ.ಎನ್.ವೈ.ಎಸ್. ಅಂತಾರೆ. ಓದಿದ ಮೇಲೆ ರಾಜ್ಯದ ಮಂಡಳಿಲಿ ರಿಜಿಸ್ಟರ್ ಮಾಡಿಸ್ಬೇಕು. ತಪ್ಪು ಮಾಡಿದ್ರೆ ಮಂಡಳಿ ಕೇಳ್ತದೆ. ಈ ಗುರೂಜಿನ ನಾಳೆ ಎಲ್ಲಿ ಹುಡುಕ್ತೀಯ?"

ಹಾಲೇಶ ಬೈಕ್ ತೆಗೆದ. ಕಾಂತಮ್ಮನದು ಒಂದೇ ಹಟ. "ಪ್ರಕೃತಿ ಡಾಕ್ಟರ್ ಹತ್ರ ಆದ್ರೆ ಬತ್ತೀನಿ. ಸೂಜಿ ಚುಚ್ಚೋರ ಹತ್ರ ಬರಲ್ಲ."

ಸರಿ, ಕಡೂರಿನಲ್ಲಿ ರಿಜಿಸ್ಟರ್ ಆಗಿದ್ದ ಪ್ರಕೃತಿ ಚಿಕಿತ್ಸೆಯ ಡಾಕ್ಟರಮ್ಮನ ಬಳಿಗೇ ಹೋದರು. ಆಕೆ ಮೊದಲು ಕೇಳಿದ್ದು ಯಾವ ಮಾತ್ರೆ ತಗೊಳ್ತಿದ್ದೀರಿ ಎಂದು. ಆಮೇಲೆ ಗಾಯ ನೋಡಿ ಗಂಭೀರವಾದರು.

"ಅಮ್ಮ, ಇದಕ್ಕೆ ನನ್ನ ಚಿಕಿತ್ಸೆ ಸಾಲದು. ಈಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅವರನ್ನ ಕೇಳದೆ ಮಾತ್ರೆ ಬಿಡಬೇಡಿ. ಗಾಯ ಮಾಯ್ದ ಮೇಲೆ ಬನ್ನಿ, ಊಟದ ಪಥ್ಯ, ಯೋಗ ಹೇಳಿಕೊಡ್ತೀನಿ."

ಬಂದ ರೋಗಿಯನ್ನು ಬಿಟ್ಟುಕೊಡುವ ಡಾಕ್ಟರನ್ನು ಕಾಂತಮ್ಮ ಕಂಡದ್ದು ಅದೇ ಮೊದಲು. ಹಟ ಬಿಟ್ಟು ಆಸ್ಪತ್ರೆಗೆ ಹೊರಟಳು. ಸದ್ಯ, ಬೆರಳು ಉಳಿಯಿತು.

ಗುರೂಜಿ ಮತ್ತೆ ಊರಿಗೆ ಬಂದಾಗ ಭವನದ ತುಂಬ ಜನ. ಕಾಂತಮ್ಮ ಕುಂಟುತ್ತಲೇ ಹೋಗಿ ಎದುರು ನಿಂತಳು.

"ಸ್ವಾಮಿ, ನಿಮ್ಮ ರಿಜಿಸ್ಟರ್ ನಂಬರ್ ಎಷ್ಟು?"

"ಪ್ರಕೃತಿಗೆ ಯಾತರ ನಂಬರಮ್ಮ?"

"ಪ್ರಕೃತಿಗೆ ಬ್ಯಾಡ ಕಣ್ರೀ. ನನ್ನ ಕಾಲು ಮುಟ್ಟಿದ ನಿಮಗೆ ಬೇಕು."

ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಮನೆ ಕಡೆ ಹೊರಟರು.

ಓದುಗರೇ, ಪ್ರಕೃತಿ ಚಿಕಿತ್ಸೆ ಬೇಕೆನಿಸಿದರೆ ಧಾರಾಳವಾಗಿ ಪಡೆಯಿರಿ. ಆದರೆ ಪದವಿ ಏನು, ನೋಂದಣಿ ಸಂಖ್ಯೆ ಎಷ್ಟು ಎಂದು ಮೊದಲು ಕೇಳಿ. ಕೇಳಿದ್ದಕ್ಕೆ ಸಿಡುಕುವವರ ಕೈಗೆ ಮೈ ಕೊಡಬೇಡಿ. ಅನುಮಾನ ಬಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸಿ. ಇದರಲ್ಲಿ ಸಂಕೋಚ ಬೇಡ, ಜೀವ ನಿಮ್ಮದು.