ಕೆಂಪು ದಾರದ ಕೀಲಿಕೈ

ಆಸ್ಪತ್ರೆಯವರು ನನ್ನ ಗಂಡನ ಸಾಮಾನನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಗಡಿಯಾರ, ಬಾಚಣಿಗೆ, ನೆನೆದ ಪರ್ಸು, ಕೀಲಿಕೈ ಗೊಂಚಲು. ಪೊಲೀಸರು ಒಂದೊಂದನ್ನೂ ನೋಡಿಯೇ ಬಿಟ್ಟಿದ್ದರು. ಗೊಂಚಲಿನಲ್ಲಿ ಯಾವ ಕೀಲಿಕೈ ಯಾವುದರದು ಎಂದು ಯಾರೂ ಕೇಳಲಿಲ್ಲ. ಮನೆಗೆ ಬಂದು ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. ಅವನು ದಿನಾ ಹಾಕುತ್ತಿದ್ದ ಜಾಗ ಅದು.

ಅವನು ತೂಬಿನ ಕಾವಲುಗಾರ. ನದಿಗೆ ಅಡ್ಡ ಕಟ್ಟಿದ ಕಟ್ಟೆಯ ಕೊನೆಯಲ್ಲಿ ಒಂದು ಕಬ್ಬಿಣದ ಗೇಟು. ಅದನ್ನು ಎತ್ತಿದರೆ ನೀರು ಕೆಳಗೆ, ನಮ್ಮ ಊರಿನ ಕಾಲುವೆಗೆ. ಇಳಿಸಿದರೆ ಮೇಲಿನ ಜಿಲ್ಲೆಯವರು ಹೊಸದಾಗಿ ತೋಡಿದ ಕಾಲುವೆಗೆ. ಗೇಟು ಎತ್ತುವ ಚಕ್ರಕ್ಕೆ ಸರಪಳಿ, ಸರಪಳಿಗೆ ಎರಡು ಬೀಗ. ಒಂದು ನಮ್ಮದು, ಒಂದು ಅವರದು. ಎರಡೂ ಕಡೆಯ ಕಾವಲುಗಾರರು ಒಟ್ಟಿಗೆ ನಿಂತು ತೆಗೆಯಬೇಕು. ತಲೆಮಾರಿನ ಜಗಳದ ಕೊನೆಗೆ ಎರಡು ಜಿಲ್ಲೆಗಳು ಒಪ್ಪಿದ್ದು ಇದೊಂದೇ ಮಾತನ್ನು.

ಒಬ್ಬರನ್ನೊಬ್ಬರು ನಂಬದವರು ಹಾಕಿದ ಬೀಗ. ಆದರೆ ಕಾಯುವವರಿಬ್ಬರೂ ನಂಬಿಬಿಟ್ಟರು. ವರ್ಷಗಟ್ಟಲೆ ಒಂದೇ ತಗಡಿನ ಶೆಡ್ಡಿನಲ್ಲಿ ಕೂತು ಒಂದೇ ಫ್ಲಾಸ್ಕಿನ ಚಹಾ ಕುಡಿದರೆ ಇನ್ನೇನಾಗುತ್ತದೆ? ಮೇಲಿನವರ ಕಾವಲುಗಾರನನ್ನು ನನ್ನ ಗಂಡ ದಿಬ್ಬದಣ್ಣ ಎನ್ನುತ್ತಿದ್ದ. ಅವರು ಇವನನ್ನು ತಗ್ಗಿನ ದೊರೆ ಎಂದು ಕರೆಯುತ್ತಿದ್ದರು. ನಮ್ಮ ಮನೆಗೆ ಬಂದಾಗಲೆಲ್ಲ ನೀರು ಕೇಳಿ, ಲೋಟ ಬೆಳಕಿಗೆ ಹಿಡಿದು, "ಲೋಟ ನಿಮ್ದು, ನೀರು ನಮ್ದು. ಬೆಳಿಗ್ಗೆ ನಾನು ಮುಖ ತೊಳೆದದ್ದು ಈಗ ಬಂದು ಮುಟ್ಟಿದೆ ನೋಡಿ" ಅನ್ನುತ್ತಿದ್ದರು. ನಮ್ಮ ಜೊತೆಗಿದ್ದ ಮಾವನಿಗೆ, ನನ್ನ ಗಂಡನ ಅಪ್ಪನಿಗೆ, ಈ ತಮಾಷೆ ಎಂದೂ ಹಿಡಿಸಲಿಲ್ಲ.

ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಗೇಟಿನ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಹೀಗಾಗಿ ಇಬ್ಬರೂ ನಕಲು ಮಾಡಿಸಿ ಕೀಲಿಕೈ ಬದಲಾಯಿಸಿಕೊಂಡರು. ನಕಲು ಕೊರೆದದ್ದು ಮಾವನೇ. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವರ ಬೀಗ ರಿಪೇರಿ ಅಂಗಡಿ. ಎರಡು ಬೀಗವೂ ಒಂದೇ ಕಂಪನಿಯವು, ಕೀಲಿಕೈಗಳು ಅವಳಿ ಮಕ್ಕಳ ಹಾಗೆ. ಗುರುತಿಗಿರಲಿ ಎಂದು ನಮ್ಮ ಗೊಂಚಲು ಸೇರಿದ ದಿಬ್ಬದಣ್ಣನ ಬೀಗದ ಕೀಲಿಕೈಗೆ ಕೆಂಪು ದಾರ ಸುತ್ತಿದವಳು ನಾನು.

ಈ ಬೇಸಿಗೆಯಲ್ಲಿ ಮೇಲಿನವರು ತಮ್ಮ ಕಾವಲುಗಾರನನ್ನು ಕಟ್ಟೆಗೆ ಕಳಿಸುವುದನ್ನೇ ನಿಲ್ಲಿಸಿದರು. ನಮ್ಮ ಪಾಳಿಯ ದಿನವೂ ಗೇಟು ಏಳಲಿಲ್ಲ. ನಮ್ಮವರು ರಸ್ತೆಯಲ್ಲಿ ಟೈರು ಸುಟ್ಟರು, ಅವರು ನಮ್ಮ ಬಸ್ಸುಗಳ ಗಾಜು ಒಡೆದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಮಾತುಕತೆ ನಡೆಯಿತು. ನಲ್ಲಿಯಲ್ಲಿ ಗಾಳಿ ಬರುತ್ತಿತ್ತು. ರೋಗಿಗಳಿಗೆ ಮನೆಯಿಂದಲೇ ನೀರು ತನ್ನಿ ಎಂದು ಆಸ್ಪತ್ರೆಯವರು ಹೇಳಿದರು.

ಒಂದು ಬೆಳಿಗ್ಗೆ ನನ್ನ ಗಂಡ ಎಂದಿನಂತೆ ಗೊಂಚಲು ತೆಗೆದುಕೊಂಡು ಹೋದ. ಆಮೇಲೆ ನಲ್ಲಿ ಕೆಮ್ಮಿತು. ಮೊದಲು ಕೆಸರು ಬಂತು, ನಂತರ ತಿಳಿನೀರು. ಬೀದಿಗೆ ಬೀದಿಯೇ ಕೊಡ ಹಿಡಿದು ಓಡಿಬಂತು. ನಾನೂ ಎಲ್ಲ ಪಾತ್ರೆ ತುಂಬಿಸಿಟ್ಟೆ. ಮಧ್ಯಾಹ್ನ ಅವನ ದೇಹ ಕಾಲುವೆಯ ಜಾಲರಿಯಲ್ಲಿ ಸಿಕ್ಕಿತು.

ತಲೆಗೆ ಪೆಟ್ಟಾಗಿತ್ತು. ಕಟ್ಟೆಯ ಮೇಲೆ ಎರಡೂ ಬೀಗ ತೆರೆದಿದ್ದವು. ಎರಡು ಬೀಗ ತೆರೆದಿವೆ ಎಂದರೆ ಅಲ್ಲಿ ಇಬ್ಬರಿದ್ದರು, ಇನ್ನೊಬ್ಬನೇ ತಳ್ಳಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು. ದಿಬ್ಬದಣ್ಣನನ್ನು ಕೊಲೆಯ ಆರೋಪದ ಮೇಲೆ ಹಿಡಿದು ಒಳಗೆ ಹಾಕಿದರು. ಆ ದಿನ ಜ್ವರದಲ್ಲಿ ಮಲಗಿದ್ದೆ ಅಂದರಂತೆ. ಅದಕ್ಕೆ ಹೆಂಡತಿ ಬಿಟ್ಟರೆ ಸಾಕ್ಷಿಯಿಲ್ಲ. ನಕಲು ಕೀಲಿಕೈಯ ಮಾತನ್ನು ಮಾತ್ರ ಅವರು ಆಡಲಿಲ್ಲ.

ಆ ದಿನಗಳಲ್ಲಿ ನಾನು ಉಣ್ಣು ಅಂದರೆ ಉಣ್ಣುತ್ತಿದ್ದೆ, ಮಲಗು ಅಂದರೆ ಮಲಗುತ್ತಿದ್ದೆ. ಕೆಂಪು ದಾರ ಕಣ್ಣಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ.

ನಮ್ಮ ಊರಿನ ನೀರಿನ ಹೋರಾಟ ಸಮಿತಿಯ ಅಧ್ಯಕ್ಷರು ಬಂದಾಗ ಅದು ತಲೆಗೆ ಹೋಯಿತು. ಕಟ್ಟೆಯ ಬಳಿ ಒಂದು ಕಲ್ಲು ನಿಲ್ಲಿಸುತ್ತಾರಂತೆ. ಅವನ ಹೆಸರು, ಅದರ ಕೆಳಗೆ 'ಮೇಲಿನವರ ಕೈಯಲ್ಲಿ ಮಡಿದ ನಮ್ಮ ನೀರಿನ ವೀರ' ಎಂಬ ಸಾಲು. ನಾನು ಎಂ.ಎ. ಮಾಡಿದವಳಾದ್ದರಿಂದ ವ್ಯಾಕರಣ ಸರಿಯಿದೆಯೇ ನೋಡಬೇಕಂತೆ. ನೋಡಿದೆ. ವ್ಯಾಕರಣ ಸರಿಯಾಗಿತ್ತು.

ಅವರು ಹೋದ ಮೇಲೆ ಮಾವ ಕೈಯಲ್ಲಿದ್ದ, ಕೀಲಿಕೈ ಉಜ್ಜುವ ಅರ ಕೆಳಗಿಟ್ಟರು.

"ಆ ಕೀ ಕಾಲುವೆಗೆ ಎಸೆದುಬಿಡಮ್ಮ. ಸತ್ತವನಾದರೂ ಮರ್ಯಾದೆಯಿಂದ ಇರಲಿ."

"ಬದುಕಿರೋರು, ಮಾವ?"

ಅವರು ಮತ್ತೆ ಅರ ಹಿಡಿದರು. ಅವರ ಸಂಕಟ ನನಗೆ ತಿಳಿಯುತ್ತಿತ್ತು. ಕೀಲಿಕೈ ಹೊರಗೆ ಬಂದರೆ ದಿಬ್ಬದಣ್ಣ ಉಳಿಯುತ್ತಾರೆ, ಮಗ ಗೆಳೆಯನ ನಂಬಿಕೆ ಕದ್ದವನಾಗುತ್ತಾನೆ. ನನಗೂ ಅದೇ ಮುಳ್ಳು. ಅವನು ಗೆಳೆಯನನ್ನು ಒಂದು ಮಾತು ಕೇಳಬಾರದಿತ್ತೇ? ಆ ಬೆಳಿಗ್ಗೆ ಅವನು ಯಾರಿಗೂ ಫೋನ್ ಮಾಡಿರಲಿಲ್ಲ ಎಂದು ಪೊಲೀಸರೇ ಹೇಳಿದ್ದರು.

ಸಾವಿನ ಬಗ್ಗೆ ಅಧಿಕಾರಿಗಳು ಕರೆದಿದ್ದ ವಿಚಾರಣೆಯ ಹಿಂದಿನ ದಿನ ದಿಬ್ಬದಣ್ಣನ ಹೆಂಡತಿ ಬಂದರು. ಬಸ್ಸಿಲ್ಲದೆ ಕಾಲುವೆಯ ಏರಿ ಹಿಡಿದು ನಡೆದೇ ಬಂದಿದ್ದರು. ಹೊಸ್ತಿಲಲ್ಲೇ ನಿಂತವರನ್ನು ಒಳಗೆ ಬನ್ನಿ ಅಕ್ಕಾ ಎಂದು ಕೂರಿಸಿದೆ. ಅವರ ಕಣ್ಣು ಮೊಳೆಯ ಮೇಲೆ ಹೋಗಿ ನಿಂತಿತು. ಅವರಿಗೂ ಗೊತ್ತಿತ್ತು. ಬಾಯಿ ಬಿಡಬೇಡ ಎಂದು ಗಂಡ ಆಣೆ ಹಾಕಿಸಿಕೊಂಡಿದ್ದಾರಂತೆ. ಕೆಳಗಿನವರಿಗೆ ಕೀಲಿಕೈ ಕೊಟ್ಟವನು ಎಂದು ತಿಳಿದರೆ ಅವರ ಊರಿನಲ್ಲಿ ಯಾರೂ ಮುಖ ನೋಡುವುದಿಲ್ಲ. ಈಗ ಜೈಲಿನಲ್ಲಿದ್ದರೂ, ಕೆಳಗಿನವನನ್ನು ಮುಗಿಸಿದ ಗಂಡಸು ಎಂದು ಊರೇ ಹೊಗಳುತ್ತದೆ. ನಿಮಗೇನು ಬೇಕು ಅಕ್ಕಾ ಎಂದು ಕೇಳಿದೆ.

"ಊರು ಹೋದರೆ ಇನ್ನೊಂದು ಊರು, ತಂಗಿ. ಗಂಡ ಹೋದರೆ..." ಅಂದವರು, ಎದುರಿಗಿರುವವಳು ಯಾರೆಂದು ನೆನಪಾಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

ಮುಂದಿನ ಕೋಣೆಯಲ್ಲಿ ಅರದ ಸದ್ದು ನಿಂತಿತ್ತು.

ವಿಚಾರಣೆ ಕಟ್ಟೆಯ ಮೇಲೆಯೇ ನಡೆಯಿತು. ಗೇಟು ಇಳಿಸಿ ಎರಡೂ ಬೀಗ ಮತ್ತೆ ಹಾಕಿದ್ದರು. ಒಂದು ಹಗ್ಗದಾಚೆ ನಮ್ಮವರು, ಇನ್ನೊಂದರಾಚೆ ಅವರು, ನಡುವೆ ಪೊಲೀಸರು. ಅಧ್ಯಕ್ಷರ ಲಾರಿಯಲ್ಲಿ ಕಲ್ಲು ಬಟ್ಟೆ ಹೊದ್ದು ಮಲಗಿತ್ತು. ಮೃತನ ಕಡೆಯವರು ಏನಾದರೂ ಹೇಳುವುದಿದೆಯೇ ಎಂದು ತನಿಖಾಧಿಕಾರಿ ಕೇಳಿದರು. ಹೇಳುವುದಲ್ಲ, ತೋರಿಸುವುದಿದೆ ಎಂದೆ.

ನಮ್ಮ ಬೀಗ ಸಲೀಸಾಗಿ ತೆರೆಯಿತು. ನಂತರ ಕೆಂಪು ದಾರದ ಕೀಲಿಕೈಯನ್ನು ಅವರ ಬೀಗಕ್ಕೆ ಹಾಕಿದೆ. ಒಳಗೆ ಹೋಯಿತು, ತಿರುಗಲಿಲ್ಲ. ಎರಡೂ ಕೈ ಹಾಕಿದೆ. ಆಗಲಿಲ್ಲ. ಹಗ್ಗದಾಚೆ ಯಾರೋ ನಕ್ಕರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ತೆರೆಯದ ಕೀಲಿಕೈ ಯಾರನ್ನೂ ಬಿಡಿಸುವುದಿಲ್ಲ.

ಮಾವ ಹಗ್ಗದಡಿ ಬಗ್ಗಿ ಬಂದರು. ಯಾರೂ ತಡೆಯಲಿಲ್ಲ.

"ಕೊಡಮ್ಮ," ಅಂದರು. "ನಾನು ಕೊರೆದದ್ದು. ಚೂರು ಮೇಲೆತ್ತಿ ತಿರುಗಿಸಬೇಕು."

ಬೀಗ ತೆರೆಯಿತು. ಅವರು ಅಧಿಕಾರಿಯ ಕಡೆ ತಿರುಗಿ, ನನ್ನ ಮಗ ಇದನ್ನು ನೂರು ಸಲ ತೆಗೆದಿದ್ದಾನೆ, ಅವತ್ತೂ ಒಬ್ಬನೇ ತೆಗೆದಿದ್ದಾನೆ ಅಂದರು. ಆಮೇಲೆ ಚಕ್ರದ ಪಕ್ಕದ ಹಲಗೆ ತೋರಿಸಿದರು. ಪಾಚಿ ಕಟ್ಟಿತ್ತು. ಜಾರಿದರೆ ಹಿಡಿಯಲು ಅಲ್ಲಿದ್ದ ಕಂಬಿ ಮುರಿದು ಎಷ್ಟೋ ಕಾಲವಾಗಿತ್ತು. ಅದನ್ನು ಹಾಕಿಸುವುದು ಇನ್ನೊಬ್ಬರ ಕೆಲಸ ಎಂದು ಎರಡೂ ಜಿಲ್ಲೆಯವರು ಹೇಳುತ್ತಾ ಬಂದಿದ್ದರು.

ಆಮೇಲೆ ನಮ್ಮ ಕಡೆಯಿಂದ ಯಾರೋ ಕಳ್ಳ ಅಂದರು. ಆ ಕಡೆಯಿಂದ ದ್ರೋಹಿ ಅಂದರು. ಒಂದು ಮಾತು ನನ್ನ ಗಂಡನಿಗೆ, ಇನ್ನೊಂದು ದಿಬ್ಬದಣ್ಣನಿಗೆ. ಲಾರಿ ಕಲ್ಲಿನ ಸಮೇತ ಹಿಂದಿರುಗಿತು.

ಮಾವನ ಗಿರಾಕಿಗಳು ಈಗ ಪಕ್ಕದ ಬೀದಿಗೆ ಹೋಗುತ್ತಾರೆ. ಅಧ್ಯಕ್ಷರು ಎದುರು ಸಿಕ್ಕರೆ ಅಂಗಡಿಯ ಬೋರ್ಡು ಓದುತ್ತಾ ದಾಟುತ್ತಾರೆ.

ಬಿಡುಗಡೆಯಾದ ಮೇಲೆ ದಿಬ್ಬದಣ್ಣ ಒಂದು ಸಂಜೆ ಬಂದರು. ಅವರ ಮನೆಯ ಕಿಟಕಿಗಳೆಲ್ಲ ಒಡೆದಿದ್ದವಂತೆ. ಗಂಡ ಹೆಂಡತಿ ದೂರದ ಊರಿಗೆ ಹೊರಟಿದ್ದರು. ಅಕ್ಕ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಕಾಯುತ್ತಾ ಕೂತಿದ್ದರು. ದಿಬ್ಬದಣ್ಣ ಜೇಬಿನಿಂದ ಒಂದು ಕೀಲಿಕೈ ತೆಗೆದು ಮಾವನ ಮೇಜಿನ ಮೇಲಿಟ್ಟರು. ನನ್ನ ಗಂಡ ಕೊಟ್ಟಿದ್ದ ನಕಲು. ಮಾವ ತಲೆಯೆತ್ತಲಿಲ್ಲ.

ಕೇಳಬಾರದು ಅಂದುಕೊಂಡಿದ್ದೆ, ಕೇಳಿದೆ.

"ಅವನು ನಿಮ್ಮನ್ನ ಯಾಕೆ ಒಂದು ಮಾತು ಕೇಳಲಿಲ್ಲ, ಅಣ್ಣ?"

"ಕೇಳಿದ್ದರೆ ನಾನು ಹೂಂ ಅಂತಿದ್ದೆ, ತಪ್ಪಿನಲ್ಲಿ ನಾನೂ ಪಾಲುದಾರ ಆಗ್ತಿದ್ದೆ," ಅಂದರು. "ಅದು ಅವನಿಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ನಾನು ಒಳಗೆ ಹೋಗಿ, ಮಳೆ ಬಿದ್ದ ಮೇಲೆ ಮತ್ತೆ ನೀರು ಬರುತ್ತಿದ್ದ ನಲ್ಲಿ ತಿರುಗಿಸಿ ಲೋಟ ತುಂಬಿಸಿದೆ. ಕೊಟ್ಟಾಗ ಅವರು ಲೋಟ ಬೆಳಕಿಗೆ ಹಿಡಿಯಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತರು. ಏನಾದರೂ ಹೇಳುತ್ತಾರೆಂದು ಕಾದೆ.

"ಕುಡಿಯಪ್ಪ," ಅಂದರು ಮಾವ, ತಲೆ ಬಗ್ಗಿಸಿಕೊಂಡೇ. "ಲೋಟ ಮಾತ್ರ ನಮ್ದು."

ದಿಬ್ಬದಣ್ಣ ಲೋಟ ಎತ್ತಿದರು, ಅದು ವಾಲಿತು. ನೀರು ಚೆಲ್ಲದಂತೆ ನಾನು ಲೋಟ ಹಿಡಿದುಕೊಂಡೆ.