ಡೈರಿ ಬೋರ್ಡಿನ ಮೇಲೆ ಕಿಟ್ಟಿಯ ಮೊಹರು

ತಿಥಿ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮರುದಿನ ಬೆಳಗ್ಗೆ ಉಮ ಎಂದಿನಂತೆ ಸೊಪ್ಪು ಹೆಚ್ಚಲು ಕೂತಳು. ರೇಷ್ಮೆ ಹುಳುಗಳಿಗೆ ಸೂತಕ ಗೊತ್ತಿಲ್ಲ. ಹೇಮಾವತಿ ಹೊಳೆಯ ಮಂಜು ಕಿಟಕಿಯಿಂದ ಒಳಬಂದು ತಟ್ಟೆಗಳ ಮೇಲೆ ನಿಂತಿತ್ತು. ಅದರೊಳಗೆ ಗಂಡ ಕಿಟ್ಟಿ ಇನ್ನೂ ತಟ್ಟೆ ಸರಿಸುತ್ತಿದ್ದಾನೆ ಅನ್ನಿಸಿತು. ಅವಳು ತಿರುಗಿ ನೋಡಲಿಲ್ಲ.

ಬಾಗಿಲಲ್ಲಿ ಗೋವಿಂದನಹಳ್ಳಿಯ ಚಲುವಮ್ಮ, ಕೈಯಲ್ಲೊಂದು ಚೀಟಿ.

“ಇಂಥ ಹೊತ್ನಲ್ಲಿ ಬರಬಾರ್ದಾಗಿತ್ತು ಉಮವ್ವ. ನೀವು ಕಳಿಸಿದ್ ಹುಳ ಹಾಲುತೊಂಡೆ ರೋಗ ಬಂದು ಎಲ್ಲಾ ಸತ್ತೋದ್ವು. ಸೊಪ್ಪು ತೋಟದಲ್ಲಿ ಅಂಗೇ ನಿಂತದೆ.”

“ಈ ಸಲ ನಿಮ್ಮೂರಿಗೆ ನಾವು ಹುಳ ಕಳಿಸೇ ಇಲ್ವಲ್ಲ ಚಲುವಕ್ಕ.”

ಚೀಟಿ, ಮರಿಹುಳು ಸಾಕಿ ರೈತರಿಗೆ ಕೊಡುವ ಉಮಳ ಮನೆಯ ಕೇಂದ್ರದ ಲೆಟರ್‌ಪ್ಯಾಡಿನದೇ: ಬೀರೇಶ್ವರ ಚಾಕಿ ಹುಳು ಕೇಂದ್ರ. ಕೆಳಗೆ ಕಿಟ್ಟಿಯ ಹೆಸರು, ಮೊಹರಿಲ್ಲ. ತಾರೀಖು ೧೪-೧೧-೧೯೯೬. ಅವನನ್ನು ಮಣ್ಣು ಮಾಡಿದ ಮೂರನೇ ದಿನ.

ಉಮ ಆ ಹೆಸರನ್ನು ಬಹಳ ಹೊತ್ತು ನೋಡಿದಳು. ಅವನು ಹೋದ ಮೇಲೂ ಹೆಸರು ಒಂಟಿಯಾಗಿ ಊರೂರು ತಿರುಗುತ್ತಿತ್ತು. ಲೆಟರ್‌ಪ್ಯಾಡು ಸದಾ ಜಗಲಿಯ ಮೇಲಿರುತ್ತಿತ್ತು. ಮಕ್ಕಳು ಮಗ್ಗಿ ಬರೆಯಲಿ, ಯಾರಾದರೂ ಕಡಲೆಕಾಯಿ ಕಟ್ಟಲಿ, ಕೇಳಿದವರಿಗೆಲ್ಲ ಕಿಟ್ಟಿ ಒಂದು ಹಾಳೆ ಹರಿದುಕೊಡುತ್ತಿದ್ದ.

ಸಂಜೆಗೆ ಉಮಳ ಕಾಲೇಜು ದಿನಗಳ ಗೆಳತಿ, ರೇಷ್ಮೆ ಇಲಾಖೆಯ ಪ್ರಮೀಳಾ ಬಂದಳು. ಇನ್ನು ನಾಲ್ಕು ದಿನಕ್ಕೆ ಈ ಹುಳುಗಳು ರೈತರ ಮನೆ ಸೇರಲೇಬೇಕು. ಕೇಂದ್ರದ ಹೆಸರು ಕೆಟ್ಟರೆ ಯಾರೂ ತೆಗೆದುಕೊಳ್ಳರು, ತಟ್ಟೆಯಲ್ಲೇ ಸಾಯುತ್ತವೆ.

“ಹೆಸರು ಯಾರು ಬೇಕಾದ್ರೂ ಬರೀಬೋದು ಉಮಾ,” ಎಂದಳು ಪ್ರಮೀಳಾ. “ಊರೂರ ಹಾಲಿನ ಡೈರಿ ಬೋರ್ಡಿಗೆ ಒಂದು ಹಾಳೆ ಅಂಟಿಸು. ನಮ್ಮ ಹುಳ ತರೋರು ಇಂಥವ್ರೇ ಅಂತ ಬರಿ. ಪಕ್ಕದಲ್ಲಿ ಮೊಹರು ಒತ್ತು. ಚೀಟಿ ಮೇಲಿನ ಮೊಹರು ಅದಕ್ಕೆ ತಾಳೆ ಆಗ್ಬೇಕು. ಆಗ್ಲಿಲ್ಲ ಅಂದ್ರೆ ತಗೋಬೇಡಿ, ನಮಗೆ ತಿಳಿಸಿ ಅಂತ್ಲೂ ಬರಿ.”

ಮಾವ ದೊಡ್ಡಬೀರಯ್ಯನಿಗೆ ನಗು ಬಂತು. “ಏನ್ ಮೇಡಮ್ಮು, ಹುಳಕ್ಕೂ ರೇಷನ್ ಕಾರ್ಡು ಮಾಡಿಸ್ಬೇಕಾ? ಜನ ನನ್ ಮೀಸೆ ನೋಡಿ ತಗೋತಾವ್ರೆ.”

“ಆ ಮೀಸೆ ಚೀಟಿ ಮೇಲೆ ಇರಲ್ವಲ್ಲ ಯಜಮಾನ್ರೇ.”

ಉಮ ಊರಿಗೊಂದರಂತೆ ಹಾಳೆ ತೆಗೆದು ಮೊಹರು ಒತ್ತಿದಳು. ಲೆಟರ್‌ಪ್ಯಾಡನ್ನೂ ಕಿಟ್ಟಿಯ ಮೊಹರನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಹಾಳೆಗಳಲ್ಲಿ ತರುವವರ ಹೆಸರು ಒಂದೇ ಬರೆದಳು: ಕೇಂದ್ರದ ಕೆಲಸಗಾರ ಸೋಮಯ್ಯ. ಪ್ರಮೀಳಾ ಅವನ್ನು ಡೈರಿಗಳಿಗೆ ಅಂಟಿಸಿ ಬಂದಳು.

ನಾಲ್ಕನೇ ದಿನ ಸೋಮಯ್ಯ ಒಂದು ದಿಕ್ಕಿಗೆ ಹೊರಟ. ದೊಡ್ಡಬೀರಯ್ಯ ಚೀಟಿ ಗೀಟಿ ಇಲ್ಲದೆ, ಚಲುವಮ್ಮನಿಗೆ ಕೊಡುವ ತಟ್ಟೆಗಳನ್ನು ಹಾಲಿನ ವ್ಯಾನಿಗೆ ಹಾಕಿಕೊಂಡು ತಾನೇ ಹೋದ. ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳ ಸಮೇತ ವಾಪಸ್ಸು.

“ಚಲುವಿ ನನ್ನೇ ಅಟ್ಟಿಬುಟ್ಳು ಕಣವ್ವಾ! ‘ಬೋರ್ಡ್‌ನಾಗೆ ನಿನ್ನೆಸ್ರಿಲ್ಲ, ಚೀಟಿನೂ ಇಲ್ಲ, ನಡಿ’ ಅಂದ್ಳು. ಡೈರಿ ಮುಂದೆ ಎಲ್ಲಾ ಕಿಸಕಿಸ ನಗ್ತಾವ್ರೆ!”

“ತಪ್ಪು ನಂದು ಮಾವ. ನಿಮ್ಮೆಸ್ರು ಬರೆಯೋದು ಮರೆತೆ.”

ಮುದುಕ ಜಗಲಿಯ ಮೇಲೆ ಕೂತು ಮೀಸೆ ಸವರಿಕೊಂಡ. ಸಿಟ್ಟು ಮೆಲ್ಲಗೆ ಇಳಿಯಿತು.

“ಮೀಸೆ ಇರೋ ನನ್ನೇ ಬುಡ್ಲಿಲ್ಲ. ಇನ್ನು ಆ ಕಳ್ಳನ್ನ ಬುಟ್ಟಾಳಾ? ಬರಿಯವ್ವ. ನನ್ನೆಸ್ರೂ ಬರಿ.”

ಉಮ ಚೀಟಿ ಬರೆದು ಮೊಹರು ಒತ್ತಿ ಅವನ ಜೊತೆಗೇ ಹೊರಟಳು. ಹೋದ ಬೆಳೆಯಲ್ಲಿ ಕಿಟ್ಟಿ ಚಲುವಮ್ಮನಿಂದ ಎರವಲು ತಂದಿದ್ದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಗೋಡೆಗೊರಗಿತ್ತು. ಅದನ್ನೂ ಎತ್ತಿಕೊಂಡಳು.

ಗೋವಿಂದನಹಳ್ಳಿಯ ಡೈರಿ ಬೋರ್ಡಿನ ಹಾಳೆಯಲ್ಲಿ ಮಾವನ ಹೆಸರು ಬರೆದು ತಿರುಗಿದರೆ ಚಲುವಮ್ಮ ಕೈ ಚಾಚಿ ನಿಂತಿದ್ದಳು. “ಚೀಟಿ?”

ಉಮ ಕೊಟ್ಟಳು. ಚಲುವಮ್ಮ ಅದನ್ನು ಬೋರ್ಡಿನ ಪಕ್ಕ ಹಿಡಿದು ಎರಡು ಮೊಹರನ್ನೂ ಬೆರಳಿಟ್ಟು ನೋಡಿದಳು. ಆಮೇಲೆ ತಟ್ಟೆ ಇಳಿಸಿಕೊಂಡಳು.

“ಮೊಹರು ಕಿಟ್ಟಪ್ಪಂದೇ,” ಎಂದು, ಉಮ ಹಿಂದಿರುಗಿಸಿದ ತನ್ನ ಚಂದ್ರಿಕೆಯನ್ನು ಎದೆಗೆ ಒರಗಿಸಿಕೊಂಡಳು.

ಅಂಗಡಿ, ಕೇಂದ್ರ, ಸಂಘ ನಡೆಸುವ ಅಕ್ಕ-ಅಣ್ಣಂದಿರೇ, ನಿಮ್ಮ ಹೆಸರು ನೀವಿಲ್ಲದ ಕಡೆಯೂ ಓಡಾಡುತ್ತದೆ. ಅದನ್ನು ಯಾರು ಹೊತ್ತು ತರಬೇಕು, ಅದರ ಗುರುತೇನು, ಗುರುತು ಸಿಗದಿದ್ದರೆ ಏನು ಮಾಡಬೇಕು, ಎಲ್ಲರಿಗೂ ಕಾಣುವ ಕಡೆ ಬರೆದು ಹಾಕಿ. ಮನೆಯವರ ಹೆಸರು ಮರೆಯಬೇಡಿ. ಜಗಲಿಯ ಮೇಲಿನ ಲೆಟರ್‌ಪ್ಯಾಡನ್ನು ಇವತ್ತೇ ಒಳಗಿಡಿ.