ಕಪ್ಪು ಬಟ್ಟೆಯ ಮರೆಯಲ್ಲಿ

ಮಾಘಮಾಸದ ಮುಂಜಾವು ದೇವರಾಯನದುರ್ಗದ ಮೇಲೆ ಇಳಿಯುವ ಚೆಲುವನ್ನು ಕಂಡಿದ್ದೀರಾ, ಸಹೃದಯರೇ? ತುಮಕೂರಿನ ಗದ್ದಲ ಹಿಂದೆ ಸರಿದು, ನಾಮದ ಚಿಲುಮೆಯ ನೀರಿನ ಸದ್ದು ಕಿವಿಗೆ ಬೀಳುವ ಹೊತ್ತಿಗೆ, ಜಾಲಾರಿ ಮರಗಳ ತುದಿಯಲ್ಲಿ ಹೊಂಬಿಸಿಲು ಮೆಲ್ಲನೆ ಹೊತ್ತಿಕೊಳ್ಳುತ್ತದೆ. ಇಬ್ಬನಿಯಲ್ಲಿ ಮಿಂದ ಬಾದೆಹುಲ್ಲು ತಲೆದೂಗುತ್ತದೆ. ಶಿಖರವೋ, ಹಿಮಧವಳ ಮುಸುಕನ್ನು ಅರ್ಧ ಸರಿಸಿ, ಇನ್ನರ್ಧವನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿರುತ್ತದೆ... ಕಂಡೂ ಕಾಣದ ಆ ಶಿಖರವನ್ನು ನೋಡಿಯೂ ಎದೆಯಲ್ಲೊಂದು ಹೆಸರಿಲ್ಲದ ಹಂಬಲ ಹುಟ್ಟದಿದ್ದರೆ, ಅದು ಎದೆಯಲ್ಲ, ಕಲ್ಲೇ ಸರಿ! ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಅಂಥದೊಂದು ಬೆಳಿಗ್ಗೆ, ಶಿಕ್ಷಕಿಯರ ತರಬೇತಿ ಶಾಲೆಯೊಂದರ ಇಪ್ಪತ್ತೆರಡು ಹುಡುಗಿಯರು ಚಿಲುಮೆಯ ಬಳಿ ಬಸ್ಸಿಳಿದರು. ಶಿಖರ ಹತ್ತಿ, ಅಲ್ಲಿ ಗುಂಪಿನ ಫೋಟೋ ತೆಗೆಸಿಕೊಂಡು, ಎರಡು ಗಂಟೆಯ ಬಸ್ಸಿಗೆ ಹಿಂದಿರುಗುವುದೆಂದು ಗೊತ್ತಾಗಿತ್ತು.

ಅವರಲ್ಲಿ ಕುಲ್ಸುಂ ಒಬ್ಬಳಿಗೆ ಮಾತ್ರ ಕಾಡಿನ ಚೆಲುವು ಕಣ್ಣಿಗೇ ಬೀಳಲಿಲ್ಲ. ಪಾಪ, ಹೇಗೆ ಬಿದ್ದೀತು! ತುಮಕೂರಿನ ಬಟವಾಡಿಯಲ್ಲಿ ಹಾಸಿಗೆ ಹೊಲಿಯುವ ಕರೀಂ ಸಾಬರ ಮಗಳು ಅವಳು. ಎರಡು ವರ್ಷದ ಹಿಂದೆ ಗುಬ್ಬಿಯ ಮುಖ್ತಾರ್ ಅಹಮದನೊಡನೆ ಮಂಗ್ನಿ ನಡೆದು, ಮದುವೆ ನಿಶ್ಚಯವಾಗಿತ್ತು. ಮಂಗ್ನಿಗೂ ನಿಕಾಹಿಗೂ ನಡುವೆ ಗಂಡು ಹೆಣ್ಣು ಒಬ್ಬರನ್ನೊಬ್ಬರು ನೋಡಬಾರದು, ಮಾತಾಡಬಾರದು ಎಂಬುದು ಆ ಮನೆಗಳ ಕಟ್ಟುಕಟ್ಟಳೆ. ಅವನ ಮುಖವನ್ನು ಅವಳು ಕಂಡದ್ದು ಬೆರಳಗಲದ ಒಂದು ಭಾವಚಿತ್ರದಲ್ಲಿ. ಅವನಂತೂ ಅವಳನ್ನು ಕಂಡೇ ಇರಲಿಲ್ಲ. ಆದರೂ ಆ ಎರಡು ವರ್ಷ ಅವಳ ಹಗಲೆಲ್ಲ ಅವನ ಹೆಸರಿನಲ್ಲೇ ಬೆಳಗಿತ್ತು, ಅವನ ಹೆಸರಿನಲ್ಲೇ ಕಂತಿತ್ತು...

ವಾರದ ಹಿಂದೆ ಗುಬ್ಬಿಯಿಂದ ಸುದ್ದಿ ಬಂತು. ಹುಡುಗ ಕೆಲಸ ಮಾಡುತ್ತಿದ್ದ ಫೋಟೋ ಸ್ಟುಡಿಯೋ ಮುಚ್ಚಿಹೋಗಿದೆ, ನಿಕಾಹ್ ಯಾವಾಗಲೋ ಹೇಳಲಾಗದು, ನೀವು ಬೇರೆ ಕಡೆ ನೋಡಿಕೊಳ್ಳಬಹುದು! ಬರುವ ಶುಕ್ರವಾರ ಕರೀಂ ಸಾಬರು ಉತ್ತರ ಕಳಿಸಬೇಕು. ಇದು ಮುಖ್ತಾರನ ಮಾತೋ, ಅವನ ಮನೆಯವರ ಮಾತೋ? ಅವನದೇ ಆದರೆ ಬಾಯಿ ಮುಚ್ಚಿಕೊಂಡು ದೂರ ಸರಿಯುವುದು, ಅಲ್ಲವಾದರೆ ಎಷ್ಟು ವರ್ಷವಾದರೂ ಕಾಯುವುದು ಎಂದು ಅವಳು ನಿಶ್ಚಯಿಸಿದ್ದಳು. ಅದೊಂದು ತಿಳಿದರೆ ಸಾಕಿತ್ತು.

ಈ ಸಂಕಟವನ್ನು ಅವಳು ತೋಡಿಕೊಂಡದ್ದು ತರಬೇತಿ ಶಾಲೆಯ ಗಂಗಲಕ್ಷ್ಮಮ್ಮ ಮೇಡಂ ಬಳಿ ಮಾತ್ರ. ಆ ಮಹಾತಾಯಿ ಏನು ಮಾಡಿದರು ಗೊತ್ತೇ? ತುಮಕೂರಿನ ಸ್ಟುಡಿಯೋಗಳನ್ನೆಲ್ಲ ಬಿಟ್ಟು, ಫೋಟೋ ತೆಗೆಯಲು ಗುಬ್ಬಿಯ ಮುಖ್ತಾರನಿಗೇ ಹೇಳಿಕಳಿಸಿದರು! ಮರದ ದೊಡ್ಡ ಕ್ಯಾಮೆರಾ ಹೊತ್ತು ಅವನು ಚಿಲುಮೆಯ ಬಳಿ ಕಾದು ನಿಂತಿದ್ದ. ಅವನ ಹುಡುಗಿ ಈ ಗುಂಪಿನಲ್ಲಿದ್ದಾಳೆಂದು ಮೇಡಂ ಅಲ್ಲೇ ಅವನ ಕಿವಿಯಲ್ಲಿ ಹೇಳಿದರು. ಅವನು ತಲೆ ತಗ್ಗಿಸಿದವನು ಮತ್ತೆ ಎತ್ತಲಿಲ್ಲ.

ಏರುಹಾದಿ ಶುರುವಾಯಿತು. ಮುಂದೆ ಅವನು, ನಡುವೆ ಏದುಸಿರಿನ ಮೇಡಂ, ಹಿಂದೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡ ಕುಲ್ಸುಂ. ಉಳಿದ ಹುಡುಗಿಯರು ಕಾಡುಗಿಳಿಗಳ ಹಾಗೆ ಕಲರವ ಮಾಡುತ್ತ ದೂರ ಹೋಗಿಬಿಟ್ಟಿದ್ದರು.

“ಮೇಡಂ,” ಕುಲ್ಸುಂ ಮೆಲ್ಲನೆ ಅಂದಳು, “ಹಾದಿ ಇನ್ನೂ ಕಡಿದಾಗಿದೆಯಾ ಅಂತ ಮುಂದೆ ಹೋಗ್ತಿರೋರನ್ನ ಕೇಳಿ.”

ಮೇಡಂ ಬಾಯಿ ತೆರೆಯುವ ಮೊದಲೇ ಮುಂದಿನಿಂದ ಉತ್ತರ ಬಂತು. “ಆ ಬಂಡೆ ಹತ್ರ ಜಾರುತ್ತೆ, ಮೇಡಂ. ಹಿಂದೆ ಬರ್ತಿರೋರಿಗೆ ಹುಷಾರಾಗಿ ಕಾಲಿಡೋಕೆ ಹೇಳಿ.”

“ಅಯ್ಯೋ ಶಿವನೇ! ನಂಗೇ ಉಸಿರಾಡೋಕೆ ಆಗ್ತಿಲ್ಲ, ನಿಮ್ಮಿಬ್ಬರ ಟಪಾಲು ಬೇರೆ ಹೊರಬೇಕಾ?” ಗಂಗಲಕ್ಷ್ಮಮ್ಮ ನಕ್ಕರು.

ಕುಲ್ಸುಂಗೆ ನಗು ಬರಲಿಲ್ಲ. ಎಷ್ಟು ಹತ್ತಿರದ ದನಿ! ಎರಡು ವರ್ಷ ಊಹಿಸಿಕೊಂಡ ದನಿಗಿಂತ ಒಂದಿಷ್ಟು ಒರಟು, ಒಂದಿಷ್ಟು ಬಳಲಿದ ದನಿ... ಅವಳು ಕೇಳಿಯೇಬಿಟ್ಟಳು. “ಮೇಡಂ, ಗುಬ್ಬಿಯಿಂದ ಬಂದ ಮಾತು ಯಾರದ್ದು ಅಂತ ಕೇಳಿ.”

“ಕೆಲಸ ಇಲ್ಲದೋನಿಗೆ ಯಾರೂ ಕಾಯಬಾರದು, ಮೇಡಂ,” ಎಂದ ಮುಖ್ತಾರ. “ಒಳ್ಳೆ ಕಡೆ ಸಂಬಂಧ ಬಂದ್ರೆ ಒಪ್ಕೊಳ್ಳೋದೇ ಸರಿ.”

“ನಾನು ಕೇಳಿದ್ದು ಅದಲ್ಲ ಅನ್ನಿ!”

ಅವನು ದಾಪುಗಾಲು ಹಾಕಿ ಮರಗಳ ಮರೆಗೆ ಹೋದ. ಗಂಗಲಕ್ಷ್ಮಮ್ಮ ಹುಡುಗಿಯ ಕೈ ಹಿಡಿದುಕೊಂಡು ಉಳಿದ ದಾರಿಯನ್ನು ಹತ್ತಿಸಿದರು.

ಶಿಖರ! ಮಂಜು ಕರಗಿ, ನಾಲ್ಕು ದಿಕ್ಕಿಗೂ ಬೆಳಕು ಚೆಲ್ಲಿತ್ತು. ದೂರದ ಕೆರೆಗಳು ಮಿನುಗುತ್ತಿದ್ದವು. ನೀಲದಿಗಂತದಲ್ಲಿ ಶಿವಗಂಗೆಯ ಬೆಟ್ಟ ತೇಲಿದಂತೆ ಕಾಣುತ್ತಿತ್ತು. ಹುಡುಗಿಯರು ಬಂಡೆಯ ಮೇಲೆ ಮೂರು ಸಾಲಾಗಿ ಕುಳಿತರು. ಮುಖ್ತಾರ ಕ್ಯಾಮೆರಾ ನಿಲ್ಲಿಸಿ, ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಹೊದ್ದು ಬಗ್ಗಿದ. “ಎಲ್ಲಾರೂ ಇತ್ಲಾಗೆ ನೋಡಿ,” ಎಂಬ ದನಿ ಬಟ್ಟೆಯೊಳಗಿಂದ ಬಂತು.

ಆಗ ಹೊಳೆಯಿತು ಕುಲ್ಸುಂಗೆ. ನೋಡಬಾರದೆಂದು ವಿಧಿಸಿದ ಹಿರಿಯರು ಫೋಟೋ ತೆಗೆಯುವವನ ಪಾಡನ್ನು ಯೋಚಿಸಿರಲಿಲ್ಲ! ಈಗ ಅವನು ನೋಡಲೇಬೇಕು... ಇಪ್ಪತ್ತೆರಡು ಮುಖಗಳಲ್ಲಿ ತನ್ನನ್ನು ಗುರುತಿಸುವನೇ? ಅವಳು ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿ, ಆ ಗಾಜಿನ ಕಣ್ಣನ್ನೇ ದಿಟ್ಟಿಸಿದಳು. ಒಂದು ನಿಮಿಷವಾಯಿತು, ಎರಡಾಯಿತು. ಬಟ್ಟೆಯೊಳಗಿನವನು ಹೊರಗೆ ಬರಲೇ ಇಲ್ಲ.

“ನಿದ್ದೆ ಹೋದ್ರೇನೇ ಅವ್ರು?” ಎಂದು ಹಿಂದಿನ ಸಾಲಿನಲ್ಲಿ ಒಬ್ಬಳು ಪಿಸುಗುಟ್ಟಿದಳು. ಕಿಲಕಿಲ ನಗು ಎದ್ದಿತು.

ಕೊನೆಗೆ ಅವನು ತಲೆ ಹೊರಗೆಳೆದು, ಚಿತ್ರ ಮೂಡುವ ಪ್ಲೇಟು ತೂರಿಸಿ, ಕ್ಯಾಮೆರಾದ ರಬ್ಬರಿನ ಬುಡ್ಡೆಯನ್ನು ಒತ್ತಿದ. “ಆಯ್ತು,” ಎಂದವನು ಪ್ಲೇಟು ತೆಗೆಯಹೋಗಿ ಹಾಗೇ ನಿಂತುಬಿಟ್ಟ. ಪ್ಲೇಟಿನ ಮುಂದಿನ ತಗಡನ್ನು ಎಳೆಯುವುದನ್ನೇ ಮರೆತಿದ್ದ! ಆ ತಗಡು ಸರಿಯದೆ ಬೆಳಕು ಒಳಗೆ ಹೋಗುವುದಿಲ್ಲ, ಚಿತ್ರ ಮೂಡುವುದಿಲ್ಲ. ಎಂಟು ವರ್ಷದ ಅನುಭವದವನು ಮಾಡುವ ತಪ್ಪಲ್ಲ ಅದು.

“ಕ್ಷಮಿಸಿ ಮೇಡಂ... ಇನ್ನೊಂದು ಸಲ ಕೂರಬೇಕು. ತಗಡು ತೆಗೆಯೋದೇ ಮರೆತೆ.”

ಎಲ್ಲರೂ ಘೊಳ್ಳೆಂದು ನಕ್ಕರು. ಕುಲ್ಸುಂ ಎದ್ದು ನಿಂತಳು. ಮೇಡಂ ಕಡೆ ತಿರುಗಲಿಲ್ಲ.

“ಆ ಮಾತು ನಿಮ್ಮದಾ?”

ನಗು ಥಟ್ಟನೆ ನಿಂತಿತು. ಮುಖ್ತಾರ ಕಣ್ಣೆತ್ತಿ, ನಡುವೆ ಬಟ್ಟೆಯಿಲ್ಲದೆ, ಗಾಜಿಲ್ಲದೆ ಅವಳನ್ನು ನೋಡಿದ.

“ನಂದೇ. ನಮ್ಮ ಅಬ್ಬಾ ಬೇಡ ಅಂದ್ರೂ ನಾನೇ ಹೇಳಿ ಕಳಿಸ್ದೆ.”

ಕುಲ್ಸುಂಳ ಎದೆ ಬರಿದಾಯಿತು. ದೂರ ಸರಿಯುವುದೆಂದು ತಾನೇ ನಿಶ್ಚಯಿಸಿದ್ದಳಲ್ಲ! ಕಾಲು ಮಾತ್ರ ಅಲುಗಲಿಲ್ಲ.

“ನೀವು ನಂಗೋಸ್ಕರ ಕಾಯ್ತಾ ಕೂತ್ರೆ ಅಂತ ಭಯ ಆಗಿತ್ತು,” ಅವನ ದನಿ ಒಡೆಯಿತು. “ಈಗ ಕಾಯದೇ ಹೋದ್ರೆ ಅಂತ ಭಯ ಆಗ್ತಿದೆ.”

“ಎಷ್ಟು ದಿನ ಕಾಯಬೇಕು?”

“ಗೊತ್ತಿಲ್ಲ.”

ಅವಳು ಒಂದು ಗಳಿಗೆ ದಿಗಂತದತ್ತ ನೋಡಿದಳು. “ಬೇರೆ ಕಡೆ ನೋಡೋದಿಲ್ಲ ಅಂತ ಶುಕ್ರವಾರ ನಮ್ಮ ಅಬ್ಬಾ ಕೈಲಿ ಹೇಳ್ಸ್ತೀನಿ,” ಎಂದು ಕುಳಿತಳು. “ಫೋಟೋ ತೆಗೀರಿ.”

ಗಂಗಲಕ್ಷ್ಮಮ್ಮ ಮುಖ ತಿರುಗಿಸಿಕೊಂಡು ಮೂಗೊರೆಸಿಕೊಂಡರು. ಇಳಿಯುವಾಗ ಕಟ್ಟಳೆ ಮತ್ತೆ ಕಟ್ಟಳೆಯೇ ಆಯಿತು: ಮುಂದೆ ಅವನು, ಹಿಂದೆ ಅವಳು, ನಡುವೆ ಮೇಡಂ. ಆ ದಿನ ಅವರ ನಿಕಾಹಿಗೆ ತಿಂಗಳು ಗೊತ್ತಾಗಲಿಲ್ಲ, ವರ್ಷವೂ ಗೊತ್ತಾಗಲಿಲ್ಲ. ಆದರೆ ಸಹೃದಯರೇ, ಹಂಬಲಿಸುವ ಜೀವ ಗಡುವನ್ನು ಕೇಳುತ್ತದೆಯೇ ಹೊರತು ಅದಕ್ಕೆ ಬೇಕಾದದ್ದು ಗಡುವಲ್ಲ... ತಾನು ಕಾಯುತ್ತಿರುವಷ್ಟೇ ತೀವ್ರವಾಗಿ ಅತ್ತ ಕಡೆಯೂ ಒಂದು ಜೀವ ಕಾಯುತ್ತಿದೆ ಎಂಬ ನೆಚ್ಚಿಕೆ ಅಷ್ಟೆ. ಅದು ದೊರೆತ ಮೇಲೆ ವಿರಹವೂ ಮನುಷ್ಯನಿಗೆ ಒಂದು ಬಗೆಯ ಒಡನಾಟವೇ ಆಗುತ್ತದೆ!